ಪರದೆಯ ಹಿಂದಿನ ಡಬ್ಬಿ ಅಕ್ಕ

“ಸ್ಟೂಲ್ ಮೇಲೆ ಕೂತ್ಕೊಳ್ಳಿ ಟೀಚರ್. ನೀವು ಎತ್ತರ, ನಾನು ಕುಳ್ಳಿ. ದಿನಾ ಬೆಳಿಗ್ಗೆ ನಿಮ್ಮ ತಲೆ ಮುಟ್ಟೋಕೆ ಏಣಿ ಎಲ್ಲಿಂದ ತರಲಿ?”

ಟೀಚರ್ ಕೂರುತ್ತಾರೆ. ಡಬ್ಬಿ ಅಕ್ಕನ ಬೆರಳುಗಳು ಅವರ ಕೂದಲೊಳಗೆ ಇಳಿದು, ಬೈತಲೆಯಿಂದ ಕುತ್ತಿಗೆಯವರೆಗೆ ತಡಕಾಡಿ ಒಂದು ಪಿನ್ನು ಹಿಡಿದು ಹೊರಬರುತ್ತವೆ. ಬೆರಳ ತುದಿಯನ್ನು ಮೂಗಿಗೆ ಹಿಡಿದು ಮೂಸುತ್ತಾಳೆ. ಎಣ್ಣೆಯಿಲ್ಲ. ತುಟಿ ನೋಡುತ್ತಾಳೆ. ಏನೂ ಹಚ್ಚಿಲ್ಲ ಎಂದು ಟೀಚರ್ ಹೇಳುವ ಮೊದಲೇ ಒದ್ದೆ ಹತ್ತಿಯಿಂದ ಒರೆಸಿ ಆಗಿದೆ. ಒಳಉಡುಪು ಹತ್ತಿಯದೇ ಎಂದು ಕೇಳುವುದಿಲ್ಲ, ಅಂಚು ಮುಟ್ಟಿ ನೋಡುತ್ತಾಳೆ. ಉಂಗುರ, ಗಡಿಯಾರ, ಕನ್ನಡಕ ಎಲ್ಲ ತಟ್ಟೆಗೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಈ ಪುಟ್ಟ ಕೋಣೆಯಲ್ಲಿ ನಾಲ್ಕು ಹೆಂಗಸರು ಬಿಳಿ ಅಂಗಿ ತೊಟ್ಟು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಬೆಂಚಿನ ಮೇಲೆ ಕೂತಿದ್ದಾರೆ.

ಕಳೆದ ವರ್ಷದವರೆಗೆ ಈ ತಪಾಸಣೆ ನಿಂತೇ ನಡೆಯುತ್ತಿತ್ತು. ಸ್ಟೂಲು ಬಂದದ್ದು ಆಮೇಲೆ. ಕುಳ್ಳಿ ಎಂಬ ತಮಾಷೆಯೂ ಅದರ ಜೊತೆಗೇ ಬಂತು. ಆಕೆಯ ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲವೆಂಬುದು ಈ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ.

ಗೋಡೆಯ ಆಚೆಗಿರುವುದು ಆಮ್ಲಜನಕ ಚಿಕಿತ್ಸೆಯ ಕೊಠಡಿ. ಕೊಠಡಿ ಎನ್ನುವುದು ಕಡತದ ಮಾತು. ನೋಡಲು ಅದು ಅಡ್ಡ ಮಲಗಿಸಿದ ದೊಡ್ಡ ಉಕ್ಕಿನ ಟ್ಯಾಂಕು. ದುಂಡನೆಯ ಕಿಟಕಿಗಳು, ಒಳಗೆ ಎದುರುಬದುರು ಎಂಟು ಕುರ್ಚಿ, ತುದಿಯಲ್ಲೊಂದು ಪರದೆ. ಬಾಗಿಲು ಮುಚ್ಚಿ ಒಳಗೆ ಗಾಳಿ ತುಂಬುತ್ತ ಹೋದರೆ ಮೈಮೇಲೆ ಬೀಳುವ ಒತ್ತಡ ಐವತ್ತು ಅಡಿ ಆಳದ ನೀರಿನಲ್ಲಿ ಮುಳುಗಿದಷ್ಟು. ಆ ಒತ್ತಡದಲ್ಲಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಅಪ್ಪಟ ಆಮ್ಲಜನಕ ಉಸಿರಾಡಿದರೆ, ಸೊರಗಿದ ಅಂಗಾಂಶಗಳಿಗೂ ರಕ್ತದ ಮೂಲಕ ಅದು ತಲುಪುತ್ತದೆ, ಮಾಯದ ಗಾಯಗಳು ಕೆಲವರಲ್ಲಿ ಮಾಯತೊಡಗುತ್ತವೆ. ರೋಗಿಗಳು ಇದನ್ನು ಡಬ್ಬಿ ಎನ್ನುತ್ತಾರೆ. ಅವರ ಜೊತೆ ದಿನಕ್ಕೆ ಎರಡು ಸಲ ಒಳಗೆ ಹೋಗಿ, ಎರಡೆರಡು ತಾಸು ಕೂತು, ಅವರನ್ನು ಕಾದು ಹೊರಗೆ ಕರೆತರುವವಳು ಡಬ್ಬಿ ಅಕ್ಕ. ಒಂಬತ್ತು ವರ್ಷದಿಂದ ಇದೇ ಕೆಲಸ.

“ಈಜು ಬರಲ್ಲ ನಂಗೆ. ಆದ್ರೂ ದಿನಾ ಎರಡು ಸಲ ಮುಳುಗ್ತೀನಿ,” ಎನ್ನುತ್ತಾಳೆ. ಹೇಳಿ ನಗುತ್ತಾಳೆ. ಬಾಗಿಲು ಮುಚ್ಚುವ ಸದ್ದಿಗೆ ಮಾತ್ರ ಆ ನಗೆ ಒಂದು ಗಳಿಗೆ ನಿಲ್ಲುತ್ತದೆ. ಒಂಬತ್ತು ವರ್ಷವಾದರೂ ಆ ಸದ್ದಿನ ಭಯ ಹೋಗಿಲ್ಲ. ಒಳಗೆ ಏನೇ ಆಗಲಿ, ಎದ್ದು ಬಾಗಿಲು ತೆಗೆದು ಓಡುವ ಹಾಗಿಲ್ಲ. ಒತ್ತಡ ಇಳಿಯದೆ ಬಾಗಿಲು ತೆರೆಯುವುದಿಲ್ಲ, ಒತ್ತಡ ಅವಸರದಲ್ಲಿ ಇಳಿದರೆ ಮೈ ತಡೆಯುವುದಿಲ್ಲ. ಆಮ್ಲಜನಕದ ನಡುವೆ ಒಂದು ಕಿಡಿ ಹಾರಿದರೆ ಮುಂದಿನ ಮಾತೇ ಇಲ್ಲ. ಅದಕ್ಕೇ ಆ ಪಿನ್ನು, ಆ ಎಣ್ಣೆ, ಆ ತುಟಿ. “ರಾತ್ರಿ ಮಲಗಿದ್ರೂ ಬೆರಳು ಹುಡುಕ್ತಾನೇ ಇರುತ್ತೆ. ನಮ್ಮನೆಯವರ ತಲೆಯಲ್ಲಿ ಪಿನ್ ಹುಡುಕಿದೀನಿ ಒಂದ್ಸಲ. ಅವರಿಗೆ ಕೂದಲೇ ಇಲ್ಲ.”

ಹೊರಗೆ ಗುಂಡಿಗಳ ಮುಂದೆ ಕೂತು ಗಾಳಿಯನ್ನು ಏರಿಸಿ ಇಳಿಸುವವನನ್ನು ಆಕೆ ಪ್ಯಾನೆಲ್ ಅಣ್ಣ ಎನ್ನುತ್ತಾಳೆ. ವಯಸ್ಸಿನಲ್ಲಿ ಅವನೇ ಚಿಕ್ಕವನು. ಆದರೆ ಬಾಗಿಲು ಅವನ ಕೈಯಲ್ಲಿದೆಯಲ್ಲ, ಅಣ್ಣ ಎನ್ನಲೇಬೇಕು ಎಂಬುದು ಅವಳ ಲೆಕ್ಕ.

ಗಾಳಿ ಬುಸ್ಸೆಂದು ನುಗ್ಗುತ್ತಿದ್ದಂತೆ ಒಳಗೆ ಸೆಕೆ. ಕಿವಿ ಮುಚ್ಚಿಕೊಳ್ಳುತ್ತದೆ. ಎಲ್ಲರ ದನಿಯೂ ಮೂಗಿನಿಂದ ಬಂದಂತೆ ಬದಲಾಗುತ್ತದೆ. ನೋವಾದರೆ ಕೈ ಎತ್ತಿ, ಅಲ್ಲಿಗೇ ನಿಲ್ಲಿಸುತ್ತೇವೆ ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ. ಗಂಡಸರು ಎತ್ತುತ್ತಾರೆ. ಹೆಂಗಸರು ಎತ್ತುವುದಿಲ್ಲ. ಇದನ್ನು ಕಲಿಯಲು ಅವಳಿಗೆ ಒಬ್ಬಾಕೆಯ ಕಿವಿ ಬೇಕಾಯಿತು. ಮೊದಲ ವರ್ಷದಲ್ಲಿ ನಡುವಯಸ್ಸಿನ ಗೃಹಿಣಿಯೊಬ್ಬರು ಒತ್ತಡ ಏರುವಷ್ಟು ಹೊತ್ತೂ ನಗುನಗುತ್ತಲೇ ಕೂತಿದ್ದರು. ಹೊರಗೆ ಬಂದಾಗ ಕಿವಿಯಿಂದ ರಕ್ತ. ಯಾಕಮ್ಮ ಹೇಳಲಿಲ್ಲ ಎಂದರೆ, “ನನ್ನೊಬ್ಬಳಿಗೋಸ್ಕರ ಎಲ್ಲರನ್ನೂ ಯಾಕೆ ನಿಲ್ಲಿಸೋದು ಅಂತ” ಎಂದರಂತೆ. ಅಂದಿನಿಂದ ಆಕೆ ಮುಖ ನೋಡುವುದನ್ನು ಬಿಟ್ಟು ಕಾಲು ನೋಡುತ್ತಾಳೆ. “ಮುಖ ನಗುತ್ತೆ. ಕಾಲ್ಬೆರಳಿಗೆ ನಗೋಕೆ ಬರಲ್ಲ. ನೋವಾದ್ರೆ ಮಡಚಿಕೊಳ್ಳುತ್ತೆ.” ಬರಿಗಾಲುಗಳ ಸಾಲು ಎದುರಿಗಿರುತ್ತದೆ. ಒಂದು ಹೆಬ್ಬೆರಳು ಮಡಚಿದರೂ ಅವಳು ಕಿಟಕಿ ತಟ್ಟುತ್ತಾಳೆ, ಗಾಳಿ ನಿಲ್ಲುತ್ತದೆ.

ಇಲ್ಲಿಗೆ ಸಕ್ಕರೆ ಕಾಯಿಲೆಯ ಗಾಯದವರು ಬರುತ್ತಾರೆ, ಸುಟ್ಟುಕೊಂಡವರು ಬರುತ್ತಾರೆ. ಬೆಳಗಿನ ಪಾಳಿ ಮಾತ್ರ ಹೆಂಗಸರದು. ಅವರಲ್ಲಿ ಬಹಳ ಮಂದಿ ಗರ್ಭಕೋಶದ ಕ್ಯಾನ್ಸರ್ ಗೆದ್ದವರು. ಗೆದ್ದು ನಾಲ್ಕೈದು ವರ್ಷ ಕಳೆದು, ಎಲ್ಲ ಮರೆತು ಮನೆಮಂದಿಗೆ ಬುತ್ತಿ ಕಟ್ಟುತ್ತಿರುವ ಒಂದು ಬೆಳಿಗ್ಗೆ ಮೂತ್ರದಲ್ಲಿ ರಕ್ತ ಕಾಣುತ್ತದೆ. ಅಂದು ರೋಗವನ್ನು ಸುಟ್ಟ ವಿಕಿರಣ ಪಕ್ಕದ ಮೂತ್ರಕೋಶವನ್ನೂ ಮೆಲ್ಲಗೆ ಸುಟ್ಟಿರುತ್ತದೆ. ಕೋಶ ಕುಗ್ಗಿ ಮುಷ್ಟಿಯಷ್ಟಾಗುತ್ತದೆ, ತಾಸೊಪ್ಪತ್ತು ಹಿಡಿದುಕೊಳ್ಳಲೂ ಆಗುವುದಿಲ್ಲ. ಗಂಡನಿಗೆ ಹೇಳದವರಿದ್ದಾರೆ. ಮದುವೆ ಮನೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಟೀಚರ್ ಅಂಥವರಲ್ಲೊಬ್ಬರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಪಾಠದ ನಡುವೆ ಮೂರು ಸಲ ಹೊರಗೋಡುವುದನ್ನು ನೋಡಿ ಹುಡುಗರು ಹೆಸರಿಟ್ಟ ಮೇಲೆ ರಜೆ ಹಾಕಿದ್ದಾರೆ.

ನೀರು ಕುಡಿಯದೆ ಬರುವುದು ಇವರೆಲ್ಲರ ಉಪಾಯ. ಹಿಂದಿನ ಸಂಜೆಯಿಂದಲೇ ಬಾಯಿ ಒಣಗಿಸಿಕೊಂಡು ಬರುತ್ತಾರೆ. ನೀರಿಲ್ಲದಿದ್ದರೆ ಒಳಗಿನ ಉರಿ ಇನ್ನೂ ಜಾಸ್ತಿ, ವೈದ್ಯರು ಬೈಯುತ್ತಾರೆ. ಆದರೆ ಮುಚ್ಚಿದ ಡಬ್ಬಿಯಲ್ಲಿ, ಎಲ್ಲರ ಎದುರು, ಅವಸರವಾದರೆ? ಪರದೆಯ ಹಿಂದೆ ಕಮೋಡಿನ ಕುರ್ಚಿ ಇದೆ. ಆದರೆ ಮೊದಲೆಲ್ಲ ಒಳಗೆ ಕಾವಲಿಗೆ ಕೂರುತ್ತಿದ್ದವನು ಗಂಡಸು. ಒಬ್ಬಾಕೆ ಬಾಗಿಲು ಮುಚ್ಚುವ ಮೊದಲೇ ಎದ್ದು ಓಡಿಹೋದರಂತೆ. ಹೆಂಗಸರಲ್ಲಿ ಯಾರಾದರೂ ಒಳಗೆ ಹೋಗುತ್ತೀರಾ ಎಂದು ವೈದ್ಯರು ಕೇಳಿದಾಗ, ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಇವಳು ಕೈ ಒರೆಸಿಕೊಂಡು ಬಂದಳು. “ಧೈರ್ಯ ಅಂತಲ್ಲ. ಎರಡು ತಾಸು ಕೂರೋಕೆ ಕುರ್ಚಿ ಕೊಡ್ತಾರಲ್ಲ ಅಂತ ಹೋದೆ,” ಎನ್ನುತ್ತಾಳೆ. ತರಬೇತಿ ಆಯಿತು, ಸಂಬಳ ಅಷ್ಟಿಷ್ಟು ಏರಿತು. ಓಡಿಹೋಗಿದ್ದಾಕೆ ಮರುವಾರ ಬಂದು ಚಿಕಿತ್ಸೆ ಮುಗಿಸಿಕೊಂಡು ಹೋದರು.

ಎಲ್ಲರಿಗೂ ಗುಣವಾಗುತ್ತದೆಂದು ಅವಳು ಹೇಳುವುದಿಲ್ಲ, ವೈದ್ಯರೂ ಹೇಳುವುದಿಲ್ಲ. ಎಷ್ಟೋ ವಾರ ದಿನಾ ಮುಳುಗಿ ಎದ್ದ ಮೇಲೆ ಕೆಲವರಿಗೆ ಮೂತ್ರದ ಬಣ್ಣ ತಿಳಿಯಾಗುತ್ತದೆ. ಟೀಚರಿಗೆ ಕಳೆದ ವಾರದಿಂದ ತಿಳಿಯಾಗತೊಡಗಿದೆ. ಅದನ್ನು ಅವರು ಯಾರಿಗೂ ಹೇಳಿಲ್ಲ, ಇವಳಿಗೆ ಮಾತ್ರ ಪರದೆಯ ಹಿಂದೆ ತೋರಿಸಿದ್ದಾರೆ. ಇಬ್ಬರೂ ಆ ಪಾತ್ರೆಯನ್ನು ನೋಡುತ್ತ ನಿಂತಿದ್ದರು, ಕೂಸು ಕಣ್ಣುಬಿಟ್ಟದ್ದನ್ನು ನೋಡುವ ಹಾಗೆ. ಇನ್ನು ಎರಡು ವಾರ ತಪ್ಪದೆ ಬರಬೇಕು. ನಡುವೆ ಬಿಟ್ಟರೆ ಇಷ್ಟು ದಿನ ಮುಳುಗಿದ್ದು ವ್ಯರ್ಥವಾಗಬಹುದು.

ಒಳಗೆ ಕಾಯುವವಳಿಗೂ ಒಂದು ನಿಯಮವಿದೆ. ರೋಗಿಗಳು ಮಾಸ್ಕಿನಲ್ಲಿ ಆಮ್ಲಜನಕ ಎಳೆಯುವಾಗ ಅವಳು ಡಬ್ಬಿಯ ಬರೀ ಗಾಳಿ ಉಸಿರಾಡುತ್ತಿರುತ್ತಾಳೆ. ಒತ್ತಡದ ಗಾಳಿಯಲ್ಲಿರುವ ಸಾರಜನಕ ಅವಳ ರಕ್ತಕ್ಕೆ, ಕೊಬ್ಬಿಗೆ, ಮೂಳೆಗೆ ಸೇರುತ್ತದೆ. ಅದನ್ನು ಹೊರಹಾಕಲು ಕೊನೆಯ ಹೊತ್ತಿನಲ್ಲಿ, ಒತ್ತಡ ಇಳಿಯುವ ಮೊದಲು ಮತ್ತು ಇಳಿಯುವಷ್ಟು ಹೊತ್ತೂ, ಅವಳೂ ಮಾಸ್ಕ್ ಹಾಕಿಕೊಂಡು ಕೂರಲೇಬೇಕು. ಇಲ್ಲದಿದ್ದರೆ ಸೋಡಾ ಬಾಟಲಿ ತೆರೆದಾಗ ಏಳುವಂಥ ಗುಳ್ಳೆಗಳು ಮೈಯೊಳಗೆ ಏಳಬಹುದು. ಕೀಲಿನ ಹತ್ತಿರದ ಮೂಳೆಗೆ ರಕ್ತ ತಪ್ಪಿ, ಮೂಳೆ ಒಳಗಿಂದ ಒಣಗಬಹುದು. ಹೆಗಲಲ್ಲಿ, ತೊಡೆಯ ಬುಡದಲ್ಲಿ. ಅಪರೂಪ, ಆದರೆ ಆಗುತ್ತದೆ. ತರಬೇತಿಯಲ್ಲಿ ವೈದ್ಯರು ಚಿತ್ರ ಬಿಡಿಸಿ ಹೇಳಿದ್ದರು.

ಆದರೆ ಅದೇ ಹೊತ್ತಿಗೇ ಒಳಗೆ ಚಳಿ ಏರುತ್ತದೆ. ಗಾಳಿ ಹೊರಹೋಗುತ್ತಿದ್ದಂತೆ ಡಬ್ಬಿಯೊಳಗೆ ಮಂಜು ಕವಿಯುತ್ತದೆ. ಅಷ್ಟು ಹೊತ್ತು ಹಲ್ಲು ಕಚ್ಚಿ ಹಿಡಿದುಕೊಂಡವರಿಗೆ ಆ ಚಳಿ ಸಾಕು. ಒಬ್ಬರು ಕಣ್ಣಲ್ಲೇ ಕೇಳುತ್ತಾರೆ. ಮಾಸ್ಕಿನ ಕೊಳವೆ ಪರದೆಯವರೆಗೆ ಮುಟ್ಟುವುದಿಲ್ಲ. ಆಕೆ ತನ್ನ ಮಾಸ್ಕ್ ತೆಗೆದು ಕುರ್ಚಿಯ ಮೇಲಿಟ್ಟು ಏಳುತ್ತಾಳೆ. ಅಂಗಿ ಎತ್ತಿ ಹಿಡಿಯಬೇಕು, ಕೂರಿಸಬೇಕು, ಉಸಿರು ಕಟ್ಟಬೇಡಿ ಎಂದು ನೆನಪಿಸುತ್ತಿರಬೇಕು, ಅಳುವವರ ಬೆನ್ನು ಸವರಬೇಕು.

“ಅಕ್ಕಾ, ಮಾಸ್ಕ್,” ಎಂದು ಸ್ಪೀಕರಿನಲ್ಲಿ ಪ್ಯಾನೆಲ್ ಅಣ್ಣನ ದನಿ.

“ಒಂದ್ನಿಮಿಷ ಅಣ್ಣ.”

ಆ ಒಂದು ನಿಮಿಷಕ್ಕೆ ಒಂಬತ್ತು ವರ್ಷವಾಗಿದೆ. ಮೊದಮೊದಲು ಅವನು ಬೈಯುತ್ತಿದ್ದ, ಗಾಳಿ ಇಳಿಸುವುದನ್ನು ತಡೆದು ಕಾಯುತ್ತಿದ್ದ. ತಡೆದರೆ ಮುಂದಿನ ಪಾಳಿ ತಡ, ಮೇಲಿನಿಂದ ಫೋನು. ಬರಬರುತ್ತ ಅವನೂ ಕಾಯುವುದನ್ನು ಬಿಟ್ಟು ಕೂಗುವುದನ್ನಷ್ಟೇ ಉಳಿಸಿಕೊಂಡ. ವೈದ್ಯರ ತನಕ ವಿಷಯ ಹೋಗಲಿಲ್ಲ. ಅಕ್ಕನ ಕೆಲಸಕ್ಕೆ ಕುತ್ತು ಬಂದೀತೆಂಬ ಪ್ರೀತಿಯಿಂದಲೇ ಮುಚ್ಚಿಟ್ಟದ್ದು.

ಹೆಗಲು ಹಿಡಿದದ್ದು ಕಳೆದ ಚಳಿಗಾಲದಲ್ಲಿ. ಅಟ್ಟದ ಮೇಲಿನ ಹಾಸಿಗೆ ಇಳಿಸಲು ಹೋದಾಗ ಕೈ ಅರ್ಧಕ್ಕೇ ನಿಂತಿತು. ನಾದಿನಿ ನಕ್ಕಳು. “ಮುಟ್ಟು ನಿಲ್ಲೋ ವಯಸ್ಸಲ್ವಾ ಅತ್ತಿಗೆ, ನಂಗೂ ಹಿಂಗೇ ಆಗಿತ್ತು. ಒಂದು ವರ್ಷ ಕಾಡಿಸುತ್ತೆ, ಆಮೇಲೆ ತಾನೇ ಬಿಡುತ್ತೆ.” ಆ ಮಾತನ್ನು ಆಕೆ ಬಿಡದೆ ಹಿಡಿದುಕೊಂಡಿದ್ದಾಳೆ. ನಲವತ್ತೆಂಟು ವರ್ಷ, ಮುಟ್ಟು ಎರಡು ತಿಂಗಳಿಗೊಮ್ಮೆ, ಮೈ ಬಿಸಿಬಿಸಿ. ಹೆಗಲು ಹಿಡಿಯುವುದು ಸಹಜವೇ. ಇದು ಆ ನೋವೇ ಇರಬಹುದು. ಇರದೆಯೂ ಇರಬಹುದು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಡಬ್ಬಿಯೊಳಗೆ ಕಾಲುಗಳನ್ನು ಕಾಯುವಾಗ, ಈ ಎರಡು ಸಾಲು ಅವಳ ತಲೆಯಲ್ಲಿ ಒಂದರ ಹಿಂದೆ ಒಂದು ಸುತ್ತುತ್ತವೆ. ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ. ಗೊತ್ತಾಗುವುದೇ ಭಯ. ಮೂಳೆಯದ್ದಾದರೆ ಅಂದಿಗೇ ಡಬ್ಬಿಯ ಬಾಗಿಲು ಅವಳಿಗೆ ಮುಚ್ಚುತ್ತದೆ. ಯಾಕೆ ಆಯಿತೆಂದು ಕೇಳುತ್ತಾರೆ, ಮಾಸ್ಕಿನ ಕಥೆ ಹೊರಬರುತ್ತದೆ. ಅವಳ ಜಾಗಕ್ಕೆ ಬರಲು ಇನ್ನೊಬ್ಬ ಹೆಂಗಸಿಲ್ಲ. ವಾರ್ಡಿನ ನರ್ಸ್ ಒಬ್ಬಳನ್ನು ಎರಡು ಸಲ ಕರೆದೊಯ್ದು ನೋಡಿದ್ದಾಯಿತು. ಬಾಗಿಲು ಮುಚ್ಚುತ್ತಲೇ ಅವಳ ಮುಖ ಬಿಳಿಚಿತು. ಬೆಳಗಿನ ಪಾಳಿಗೆ ಮತ್ತೆ ಗಂಡಸೇ ಬಂದರೆ ಬೆಂಚಿನ ಮೇಲಿನ ನಾಲ್ವರಲ್ಲಿ ಎಷ್ಟು ಜನ ಉಳಿದಾರು? ಟೀಚರ್ ಅಂತೂ ಉಳಿಯಲಾರರು.

ಶನಿವಾರ ವಾರ್ಷಿಕ ತಪಾಸಣೆ. ವೈದ್ಯರು ಕಿವಿ ನೋಡುತ್ತಾರೆ, ಎದೆ ನೋಡುತ್ತಾರೆ, ಎರಡೂ ಕೈ ಮೇಲೆತ್ತಿ ಎನ್ನುತ್ತಾರೆ. ಇಂದು ಗುರುವಾರ.

ಇಂದು ಒತ್ತಡ ಇಳಿಯತೊಡಗಿ ಮಂಜು ಕವಿಯುತ್ತಿದ್ದಂತೆ ಟೀಚರ್ ಕಣ್ಣೆತ್ತಿದರು. ಆಕೆ ಮಾಸ್ಕ್ ತೆಗೆದಿಟ್ಟು ಅವರನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಮುಗಿಸಿ ಏಳುವಾಗ ಟೀಚರಿಗೆ ತಲೆಸುತ್ತು ಬಂತು. ನಿನ್ನೆ ಸಂಜೆಯಿಂದ ನೀರು ಮುಟ್ಟಿರಲಿಲ್ಲ. ವಾಲಿದವರನ್ನು ಹಿಡಿಯಲು ಅವಳ ಬಲಗೈ ಮೇಲೆ ಹೋಯಿತು, ಅರ್ಧಕ್ಕೆ ನಿಂತಿತು. ಎಡಗೈಯಿಂದ, ಎದೆಯಿಂದ, ಹೇಗೋ ಗೋಡೆಗೆ ಒತ್ತಿ ನಿಲ್ಲಿಸಿದಳು. ಟೀಚರ್ ಬೀಳಲಿಲ್ಲ. ಆದರೆ ಅಷ್ಟು ಹತ್ತಿರದಿಂದ ಅವಳನ್ನು ನೋಡಿದರು.

“ನಿಮಗೆ ನೋವಿದೆ.”

“ಇಲ್ಲ ಟೀಚರ್. ಚಳಿಗೆ ಹಂಗಾಯ್ತು.”

ಟೀಚರ್ ತಲೆ ತಗ್ಗಿಸಿ ಅವಳ ಕಾಲು ನೋಡಿದರು. ಹತ್ತೂ ಬೆರಳು ಮಡಚಿ ನೆಲ ಕಚ್ಚಿದ್ದವು.

ಹೊರಗೆ ಬಂದ ಮೇಲೆ ಟೀಚರ್ ಬಟ್ಟೆ ಬದಲಿಸಲು ಹೋಗಲಿಲ್ಲ. ನೇರ ಪ್ಯಾನೆಲ್ ಅಣ್ಣನ ಮುಂದೆ ನಿಂತರು.

“ದಿನಾ ಮಾಸ್ಕ್ ಮಾಸ್ಕ್ ಅಂತ ಕೂಗ್ತೀರಲ್ಲ, ಅದು ಇವರಿಗೆ ಯಾಕೆ?”

ಅವನು ಅಕ್ಕನ ಕಡೆ ನೋಡಿದ. ಅಕ್ಕ ಒದ್ದೆ ಬಟ್ಟೆ ಮಡಿಸುತ್ತಿದ್ದಳು. ಇಪ್ಪತ್ತು ವರ್ಷ ಹುಡುಗರ ಬಾಯಿ ಬಿಡಿಸಿದ ಟೀಚರ್ ಎದುರು ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ಗುಳ್ಳೆಯ ಕಥೆ, ಮೂಳೆಯ ಕಥೆ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣೂ ಅಕ್ಕನ ಬಲ ಹೆಗಲಿನ ಮೇಲೆ ಹೋಗಿ ನಿಂತಿತು. ಸ್ಟೂಲು ಯಾಕೆ ಬಂತೆಂದು ಅವನಿಗೆ ಆಗ ಹೊಳೆದಿರಬೇಕು.

ಟೀಚರ್ ಬೆಂಚಿನ ಮೇಲೆ ಅವಳ ಪಕ್ಕ ಕೂತರು. ದನಿ ಏರಿಸಲಿಲ್ಲ.

“ಅಂದ್ರೆ ನನ್ನ ಒಂದು ಲೋಟ ಮೂತ್ರಕ್ಕೆ ನಿಮ್ಮ ಮೂಳೆ. ಯಾವ ಲೆಕ್ಕ ಇದು?”

“ನಿಮ್ಮೊಬ್ಬರದೇ ಅಲ್ಲ ಬಿಡಿ. ಸುಮಾರು ಜನರದಿದೆ.”

“ತಮಾಷೆ ಮಾಡಬೇಡಿ. ನೀವು ಆ ಮಾಸ್ಕ್ ಹಾಕ್ಕೊಂಡು ಕೂರೋದಾದ್ರೆ ನಾಳೆ ಬರ್ತೀನಿ. ನಾನೇ ಪರದೆ ಹಿಂದೆ ಹೋಗ್ತೀನಿ. ಬಿದ್ರೆ ಬೀಳ್ತೀನಿ.”

“ನೀವು ಬಿದ್ರೆ ನನ್ನ ಕೆಲಸ ಹೋಗುತ್ತೆ ಟೀಚರ್.”

“ಹಂಗಾದ್ರೆ ಬರಲ್ಲ. ಇಷ್ಟು ಗುಣ ಆಗಿದ್ದೇ ಸಾಕು.”

ಸಾಕಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಟೀಚರ್ ಬಟ್ಟೆ ಬದಲಿಸಿ, ಉಂಗುರ, ಗಡಿಯಾರ, ಕನ್ನಡಕ ತೆಗೆದುಕೊಂಡು ಹೊರಟರು.

ಮಧ್ಯಾಹ್ನದ ಪಾಳಿ ಮುಗಿಸಿ ಕೊಠಡಿ ಒರೆಸುವಾಗ ಅವಳು ಬಂದವರ ಮಾತಿಗೆ ಸಿಗುತ್ತಾಳೆ. ಒಂದೊಂದು ಕುರ್ಚಿಯ ಕೆಳಗೂ ಕೈ ಆಡಿಸಿ ನೋಡುತ್ತಾಳೆ, ಎಡಗೈಯಲ್ಲಿ. ಏನಾಸೆ ಎಂದು ಯಾರಾದರೂ ಕೇಳಿದರೆ ಬಟ್ಟೆ ಹಿಂಡುತ್ತಲೇ ಹೇಳುತ್ತಾಳೆ. “ದೊಡ್ಡದೇನಿಲ್ಲ. ನಾನಿರಲಿ ಬಿಡಲಿ, ಬೆಳಿಗ್ಗೆ ಆ ಬಾಗಿಲು ಮುಚ್ಚುವಾಗ ಒಳಗೆ ಒಬ್ಬಳು ಹೆಂಗಸಿರಬೇಕು. ಒಬ್ಬಳಲ್ಲ, ಇಬ್ಬರು. ಒಬ್ಬಳು ಪರದೆ ಹಿಂದೆ ಹೋದ್ರೆ ಇನ್ನೊಬ್ಬಳು ಕಾಲು ನೋಡ್ಕೋಬೇಕಲ್ಲ.” ಇದನ್ನು ಆಸ್ಪತ್ರೆಯವರಿಗೆ ಹೇಳಿದ್ದೀರಾ ಎಂದರೆ, “ಕೇಳಿದ್ರೆ ಯಾಕೆ ಇಬ್ಬರು ಬೇಕು ಅಂತಾರೆ. ಯಾಕೆ ಅಂತ ಹೇಳಿದ್ರೆ...” ಬಕೆಟ್ಟು ಎತ್ತಿಕೊಂಡು ಹೊರಡುತ್ತಾಳೆ.

ಮನೆ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಉಳಿದ ಸಂಸಾರವೆಲ್ಲ. ಆಸ್ಪತ್ರೆಯ ಬಿಳಿ ಅಂಗಿಗಳನ್ನು ಹೊಲಿದುಕೊಡುವುದು ಅವರೇ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಯಂತ್ರ ನಿಲ್ಲುತ್ತದೆ.

“ನಿನ್ನ ಅಂಗಿ ಬಲತೋಳು ಬಿಚ್ಚಿ ಅಗಲ ಮಾಡಿದೀನಿ ನೋಡು. ಹಾಕ್ಕೊಳ್ಳೋವಾಗ ಒದ್ದಾಡ್ತೀಯಲ್ಲ.”

“ದಪ್ಪ ಆಗಿದೀನಿ ಅನಿಸುತ್ತೆ.”

“ಒಂದೇ ಕೈ ದಪ್ಪ ಆಗಿದೆಯಾ?”

ಅವಳು ನಗುತ್ತಾಳೆ. ಗಂಡ ನಗುವುದಿಲ್ಲ. ಸೂಜಿಗೆ ದಾರ ಹಾಕುತ್ತ ಅವಳನ್ನೇ ನೋಡುತ್ತಾರೆ. ಕೇಳುವುದೋ ಬೇಡವೋ ಎಂದು ತೂಗಿ, ಬೇಡವೆಂದು ಯಂತ್ರ ತುಳಿಯತೊಡಗುತ್ತಾರೆ. ಅವಳು ಆ ಅಂಗಿ ತೊಟ್ಟು ನೋಡಲು ಹಿಂದಿನ ಕೋಣೆಗೆ ಹೋಗಿ ಬಾಗಿಲು ಓರೆ ಮಾಡುತ್ತಾಳೆ.

ಕಪಾಟಿನ ಕನ್ನಡಿಯ ಮುಂದೆ ನಿಂತು ಎರಡೂ ಕೈ ಎತ್ತುತ್ತಾಳೆ. ಎಡಗೈ ಸಲೀಸಾಗಿ ಹೋಗುತ್ತದೆ. ಬಲಗೈ ಹೆಗಲ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಸೊಂಟವನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಮೊಣಕೈ ಮಡಚಿ, ತಲೆಯನ್ನೇ ಕೈಯ ಹತ್ತಿರಕ್ಕೆ ತರುತ್ತಾಳೆ. ಎರಡು ವಾರದಿಂದ ಕಲಿತ ಉಪಾಯ. ಕನ್ನಡಿಯಲ್ಲಿ ಎರಡೂ ಕೈ ಮೇಲಿವೆ. ಎದುರಿಗೆ ನಿಂತ ವೈದ್ಯರಿಗೆ ಅನುಮಾನ ಬರಲಾರದು. ಮುಖದಲ್ಲಿ ನಗುವೂ ಇದೆ, ತಾನಾಗಿ ಬಂದು ಕೂತಿರುವ ನಗು. ಬೆಳಿಗ್ಗೆ ಬೆಂಚಿನ ಮೇಲೆ ಕೂತವರಲ್ಲಿ ಇಂಥ ನಗು ಕಂಡರೆ ಅವಳು ನಂಬುವವಳಲ್ಲ.

ಶನಿವಾರ ಪಾಸಾಗಬಹುದು. ಸೋಮವಾರ ಮತ್ತೆ ಒಳಗೆ ಹೋಗಬಹುದು, ಯಾರೋ ವಾಲಬಹುದು, ಕೈ ಅರ್ಧಕ್ಕೆ ನಿಲ್ಲಬಹುದು. ಇಂದು ಗೋಡೆ ಸಿಕ್ಕಿತು. ಗೋಡೆಯ ಬದಲು ಗಾಳಿಯ ಕೊಳವೆ ಸಿಕ್ಕಿದ್ದರೆ?

ಮೆಲ್ಲಗೆ ಸೊಂಟ ನೇರ ಮಾಡುತ್ತಾಳೆ. ಬಲಗೈ ಜಾರಿ ಹೆಗಲ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಗೇ ಬಿಡುತ್ತಾಳೆ. ಒಂದು ಮೇಲೆ, ಒಂದು ಅರ್ಧಕ್ಕೆ. ವೈದ್ಯರ ಎದುರು ಹೀಗೇ ನಿಲ್ಲುವುದು. ಯಾಕೆಂದು ಅವರು ಕೇಳುವ ಮೊದಲೇ ಮಾಸ್ಕಿನ ವಿಷಯ ಹೇಳುವುದು, ಅಣ್ಣನ ಮೇಲೆ ತಪ್ಪು ಬಾರದ ಹಾಗೆ. ಇಬ್ಬರು ಹೆಂಗಸರು ಬೇಕೆಂಬುದನ್ನು ಆಗಲೇ ಕೇಳುವುದು, ಅವರು ಸಿಟ್ಟಾಗುವುದಕ್ಕೆ ಮೊದಲು. ಇವತ್ತು ರಾತ್ರಿಯೇ ಟೀಚರ ಮನೆಗೆ ಫೋನು ಮಾಡಿ ನಾಳೆ ಬನ್ನಿ ಎನ್ನುವುದು, ಕಾರಣ ಹೇಳದೆ. ನಾಳೆ ಮಾಸ್ಕ್ ತೆಗೆಯುವುದಿಲ್ಲ. ಪರದೆಯ ಹಿಂದೆ ಹೋಗಲು ವಾರ್ಡಿನ ನರ್ಸಿನ ಕೈ ಹಿಡಿದು ಒಳಗೆ ಕೂರಿಸಿಕೊಳ್ಳುವುದು; ರೋಗಿಗಳ ಹಾಗೆ ಮೊದಲಿನಿಂದಲೇ ಆಮ್ಲಜನಕ ಎಳೆದರೆ ಅವಳಿಗೆ ಗುಳ್ಳೆಯ ಭಯವಿಲ್ಲ. ಬಿಳಿಚಿಕೊಂಡರೂ ಸರಿ, ಬಾಗಿಲು ಮುಚ್ಚುವಾಗ ತನಗೂ ಇನ್ನೂ ಭಯವಾಗುತ್ತದೆಂದು ಮೊದಲ ಸಲ ಅವಳಿಗೆ ಹೇಳುವುದು.

“ತೋಳು ಸರಿಹೋಯ್ತಾ?” ಎಂದು ಮುಂದಿನ ಕೋಣೆಯಿಂದ ಗಂಡ ಕೇಳುತ್ತಾರೆ.

“ಹೂಂ, ಸರಿಹೋಯ್ತು,” ಎಂದು ಆಕೆ ಕಪಾಟು ಮುಚ್ಚುತ್ತಾಳೆ.